ನಂಬುವ ಜೀವಕ್ಕೆ ನಾವು ಹೇಳುವ ಸುಳ್ಳು

ನಸುಗತ್ತಲಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚುವವನ ದೃಷ್ಟಾಂತವನ್ನು ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಜಗತ್ತು ತೋರುವಂತೆ ಇಲ್ಲವೆಂಬುದನ್ನು ತಿಳಿಸುವುದು ಅವರ ಉದ್ದೇಶ. ಅದೇ ಹಗ್ಗವನ್ನೂ ಅದೇ ಮನುಷ್ಯನನ್ನೂ ಶರೀರಶಾಸ್ತ್ರಜ್ಞನ ಮುಂದೆ ಇಟ್ಟರೆ ಅವನು ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಹಾವು ಸುಳ್ಳಾದರೂ ಬೆವರು ನಿಜ. ಕಣ್ಣು ಕಳುಹಿದ ಸುದ್ದಿಯು ಮೆದುಳನ್ನು ಮುಟ್ಟಿದೊಡನೆ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಎದೆ ಡವಗುಟ್ಟುತ್ತದೆ; ಉಸಿರು ಬಿರುಸಾಗುತ್ತದೆ; ಕಣ್ಣಿನ ಪಾಪೆ ಹಿಗ್ಗುತ್ತದೆ; ರಕ್ತವು ಜೀರ್ಣಾಂಗಗಳ ಪಾಲನ್ನು ಕಡಿಮೆಮಾಡಿ ಕೈಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ. ದೀಪ ತಂದು ನೋಡಿ ಹಗ್ಗವೆಂದು ನಿಶ್ಚಯವಾದ ಮೇಲೂ ಎದೆಬಡಿತವು ಕೂಡಲೆ ಇಳಿಯುವುದಿಲ್ಲ. ಬುದ್ಧಿಗೆ ಸತ್ಯವು ತಿಳಿಯಿತು. ಆದರೆ ರಕ್ತಕ್ಕೆ ಸೇರಿದ ರಸವು ತನ್ನ ಕೆಲಸವನ್ನು ಮುಗಿಸಿಯೇ ಅಡಗಬೇಕು.

ಇದರಿಂದ ನಾವು ಅರಿಯಬೇಕಾದುದೇನು? ಜೀವವು ಹೊರಗಿನ ವಸ್ತುವಿಗೆ ನೇರವಾಗಿ ಉತ್ತರ ಕೊಡುವುದಿಲ್ಲ. ಆ ವಸ್ತುವಿನ ವಿಷಯವಾಗಿ ತನಗೆ ಬಂದ ಸುದ್ದಿಗೆ ಉತ್ತರ ಕೊಡುತ್ತದೆ. ಸುದ್ದಿ ನಿಜವಾದರೆ ಉತ್ತರ ಸರಿಯಾಗುತ್ತದೆ. ಸುದ್ದಿ ಸುಳ್ಳಾದರೆ ಒಳಗಿನ ಏರ್ಪಾಡು ಎಷ್ಟೇ ನಿರ್ದುಷ್ಟವಾಗಿದ್ದರೂ ಉತ್ತರ ತಪ್ಪುತ್ತದೆ. ಗಿಡಕ್ಕೂ ಹಕ್ಕಿಗೂ ಹುಳುವಿಗೂ ಮನುಷ್ಯನಿಗೂ ಇದು ಒಂದೇ ನಿಯಮ. ಇಂದು ಈ ಸುದ್ದಿಯ ಮಾರ್ಗಗಳನ್ನು ಕೆಡಿಸುತ್ತಿರುವವರು ನಾವೇ ಎಂಬುದು, ಹಾಗೆ ಕೆಡಿಸುವ ಅಧಿಕಾರ ನಮಗೆ ಇಲ್ಲವೆಂಬುದು ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ 'ನಿಯಂತ್ರಣ ಮತ್ತು ಸಹಭಾಗಿತ್ವ' ಎಂಬ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಓದುತ್ತಾರೆ. ಕನ್ನಡ ಪಾಠ ಹೇಳುವ ನನಗೆ ಮೊದಲು ಕಣ್ಣಿಗೆ ಬೀಳುವುದು ಆ ಹೆಸರೇ. 'ನಿಯಂತ್ರಣ' ಎಂದೊಡನೆ ಎತ್ತರದ ಪೀಠದಲ್ಲಿ ಕುಳಿತ ಒಬ್ಬ ಅಧಿಕಾರಿಯ ಚಿತ್ರವು ಮನಸ್ಸಿಗೆ ಬರುತ್ತದೆ. 'ಸಹಭಾಗಿತ್ವ' ಎಂಬ ಮಾತು ಆ ಚಿತ್ರವನ್ನು ತಿದ್ದುತ್ತದೆ. ಇದರಲ್ಲಿ ಅನೇಕರಿಗೆ ಪಾಲುಂಟು. ಪ್ರತಿಯೊಬ್ಬರೂ ಇನ್ನೊಬ್ಬರ ಮಾತನ್ನು ನಂಬಿ ನಡೆಯಬೇಕು. ಶರೀರದ ವ್ಯವಹಾರವು ನಿಜವಾಗಿ ಈ ಎರಡನೆಯ ಬಗೆಯದು.

ಒಲೆಯ ಮೇಲಿನ ಬಿಸಿ ಪಾತ್ರೆಗೆ ಕೈ ತಗುಲಿತೆನ್ನಿ. ಚರ್ಮದಲ್ಲಿರುವ ನರದ ತುದಿಯಿಂದ ಸುದ್ದಿ ಹೊರಟು ಬೆನ್ನಿನ ಮೆದುಳುಬಳ್ಳಿಯನ್ನು ಸೇರುತ್ತದೆ. ಅಲ್ಲಿಂದಲೇ ಸ್ನಾಯುವಿಗೆ ಆಜ್ಞೆ ಮರಳುತ್ತದೆ. ಕೈ ಹಿಂದಕ್ಕೆ ಸರಿಯುತ್ತದೆ. 'ಅಯ್ಯೋ, ಸುಟ್ಟಿತು' ಎಂಬ ಅರಿವು ಮೆದುಳಿಗೆ ಆಗುವುದು ಅನಂತರ. ಇದಕ್ಕೆ ಪರಾವರ್ತಿತ ಪ್ರತಿಕ್ರಿಯೆ ಎಂದು ಹೆಸರು. ನಮ್ಮ ನರಗಳಲ್ಲಿ ಅತಿ ವೇಗದವು ಸುದ್ದಿಯನ್ನು ಸೆಕೆಂಡಿಗೆ 100 ಮೀಟರಿನಷ್ಟು ದೂರ ಒಯ್ಯಬಲ್ಲವು. ಆದರೆ ಎಲ್ಲ ಸುದ್ದಿಗೂ ಇಷ್ಟು ಅವಸರವಿಲ್ಲ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆಯ ಅಂಶ ಏರಿದರೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಸಕ್ಕರೆ ಇಳಿಯಿತೆಂಬ ವರದಿ ಬಂದಾಗ ಸ್ರಾವವೂ ಕಡಿಮೆಯಾಗುತ್ತದೆ. ಇಂಥ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ನರವು ಓಡುವ ಅಂಚೆಯವನಾದರೆ ಹಾರ್ಮೋನು ಊರೆಲ್ಲ ಸುತ್ತಿ ಡಂಗುರ ಹೊಯ್ಯುವವನು. ಮೊದಲನೆಯವನು ಒಂದೇ ಮನೆಗೆ ಬೇಗ ಹೋಗುತ್ತಾನೆ. ಎರಡನೆಯವನು ನಿಧಾನವಾಗಿ ಬಂದರೂ ಕಿವಿಯುಳ್ಳ ಎಲ್ಲ ಮನೆಗಳಿಗೂ ಕೇಳಿಸುವಂತೆ ಸಾರುತ್ತಾನೆ.

ಗಿಡಗಳಿಗೆ ನರಗಳಿಲ್ಲ, ಮೆದುಳಿಲ್ಲ. ಹಾಗೆಂದು ಅವು ಸುದ್ದಿಯಿಲ್ಲದೆ ಬದುಕುವುದಿಲ್ಲ. ಮುಟ್ಟಿದರೆ ಮುನಿಯ ಎಲೆಯನ್ನು ತಾಗಿದ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಎಲೆಯ ಬುಡದಲ್ಲಿ ಸಣ್ಣದೊಂದು ಉಬ್ಬು ಇದೆ. ಬೆರಳು ತಗುಲಿದಾಗ ವಿದ್ಯುತ್ತಿನ ಸಂಜ್ಞೆಯೊಂದು ಅಲ್ಲಿಗೆ ತಲುಪುತ್ತದೆ. ಆ ಉಬ್ಬಿನ ಒಂದು ಪಕ್ಕದ ಕಣಗಳಿಂದ ಲವಣಾಂಶವೂ ಅದರ ಹಿಂದೆ ನೀರೂ ಹೊರಬೀಳುತ್ತವೆ. ಬಿಗಿ ತಪ್ಪಿ ಎಲೆ ಜೋಲುತ್ತದೆ. ನೀರು ಮರಳಿ ತುಂಬಿದಾಗ ಎಲೆ ಮತ್ತೆ ಎದ್ದು ನಿಲ್ಲುತ್ತದೆ. ಗಿಡದೊಳಗಿನ ಈ ವಿದ್ಯುತ್ ಸಂಜ್ಞೆಗಳನ್ನು ಸೂಕ್ಷ್ಮ ಯಂತ್ರಗಳಿಂದ ಅಳೆದು ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರು ಅಗ್ರಗಣ್ಯರು. 1901ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಪ್ರಯೋಗಗಳನ್ನು ಮಾಡಿ ತೋರಿಸಿದರು. 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವು ಅವರು ರಚಿಸಿದ್ದು. ಗಿಡಕ್ಕೆ ಪ್ರಾಣಿಗಳಂತೆಯೇ ನರಗಳುಂಟೆಂಬ ಅವರ ಅಭಿಪ್ರಾಯವನ್ನು ಇಂದಿನ ವಿಜ್ಞಾನವು ಒಪ್ಪಿಲ್ಲ. ಆದರೆ ಗಿಡದಲ್ಲಿ ವಿದ್ಯುತ್ತಿನ ಸಂಜ್ಞೆ ಹರಿಯುತ್ತದೆಂಬುದು ಈಗ ನಿರ್ವಿವಾದವಾದ ಮಾತು.

ಗಿಡದ ಇತರ ಚಲನೆಗಳು ನಿಧಾನವಾದವು. ಚಾರ್ಲ್ಸ್ ಡಾರ್ವಿನ್ನನೂ ಅವನ ಮಗ ಫ್ರಾನ್ಸಿಸನೂ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹುಲ್ಲಿನ ಮೊಳಕೆಯ ತುದಿಗೆ ಮುಚ್ಚಳವಿಟ್ಟ ಪ್ರಯೋಗವನ್ನು ವರ್ಣಿಸಿದ್ದಾರೆ. ತುದಿಯನ್ನು ಮುಚ್ಚಿದರೆ ಮೊಳಕೆಯು ಬೆಳಕಿನ ಕಡೆಗೆ ಬಾಗುವುದಿಲ್ಲ. ಬೆಳಕನ್ನು ಅರಿಯುವುದು ತುದಿ. ಬಾಗುವುದು ಅದರ ಕೆಳಭಾಗ. ಹಾಗಾದರೆ ನಡುವೆ ಸುದ್ದಿಯನ್ನು ಒಯ್ಯುವುದು ಯಾವುದು? ಆಕ್ಸಿನ್ ಎಂಬ ರಸವೆಂದು ಮುಂದೆ ತಿಳಿದುಬಂದಿತು. ನೆರಳಿರುವ ಪಕ್ಕದಲ್ಲಿ ಅದು ಹೆಚ್ಚಾಗಿ ಸೇರುತ್ತದೆ. ಆ ಪಕ್ಕದ ಕಣಗಳು ಹೆಚ್ಚು ಉದ್ದವಾಗುತ್ತವೆ. ಕಾಂಡವು ಬೆಳಕಿನತ್ತ ಬಾಗುತ್ತದೆ. ಇದಕ್ಕೆ ಕನ್ನಡದಲ್ಲಿ ದ್ಯುತಿ ಅನುವರ್ತನೆ ಎನ್ನುತ್ತಾರೆ. ಅನುವರ್ತನೆಯೆಂದರೆ ಹಿಂಬಾಲಿಸಿ ನಡೆಯುವುದು, ಇನ್ನೊಬ್ಬರ ಮಾತಿನಂತೆ ನಡೆಯುವುದು. ಈ ಶಬ್ದವನ್ನು ಆರಿಸಿದವರು ಗಿಡದ ಸ್ವಭಾವವನ್ನು ಚೆನ್ನಾಗಿ ಅರಿತವರಾಗಿರಬೇಕು. ಗಿಡವು ಬೆಳಕಿನ ಮಾತನ್ನು ಪರೀಕ್ಷಿಸುವುದಿಲ್ಲ, ಅನುವರ್ತಿಸುತ್ತದೆ.

ಇನ್ನು ಮುಂದಿನ ಉದಾಹರಣೆಗಳಲ್ಲಿ ಕೆಲವನ್ನು ನಾನಿರುವ ಕಾಶಿಯ ಹನುಮಾನ್ ಘಾಟಿನಿಂದಲೇ ಆರಿಸಿಕೊಂಡಿದ್ದೇನೆ. ಈ ಸ್ಥಳ ಕನ್ನಡಿಗರಿಗೆ ಅಪರಿಚಿತವಲ್ಲ. ಇದರ ಪಕ್ಕದಲ್ಲೇ ಕರ್ನಾಟಕ ಘಾಟು ಇದೆ. ಅದನ್ನು ದಾಟಿದರೆ ಹರಿಶ್ಚಂದ್ರ ಘಾಟು. ಸುತ್ತಣ ಗಲ್ಲಿಗಳಲ್ಲಿ ದಕ್ಷಿಣದ ಭಾಷೆಗಳು ದಿನವೂ ಕಿವಿಗೆ ಬೀಳುತ್ತವೆ. ಇಲ್ಲಿ ಗಂಗೆಯು ಉತ್ತರಾಭಿಮುಖವಾಗಿ ಹರಿಯುವುದರಿಂದ ಮೆಟ್ಟಿಲುಗಳೆಲ್ಲ ಪೂರ್ವಕ್ಕೆ ಮುಖಮಾಡಿವೆ. ಎದುರು ದಡದ ಮರಳಿನ ಮೇಲಿಂದ ಸೂರ್ಯನು ಏಳುವುದನ್ನು ನೋಡುವುದಕ್ಕಾಗಿಯೇ ಜನರು ದೂರದಿಂದ ಬರುತ್ತಾರೆ. ಘಾಟುಗಳ ಹಳೆಯ ಕಲ್ಲುಗೋಡೆಗಳ ಸಂದಿನಲ್ಲಿ ಅರಳಿಯ ಸಸಿಗಳು ಬೇರೂರಿ ನಿಂತಿರುವುದನ್ನು ನೋಡಬಹುದು. ಹಕ್ಕಿ ತಿಂದು ಹಾಕಿದ ಬೀಜವು ಮಣ್ಣಿಲ್ಲದ ಬಿರುಕಿನಲ್ಲಿ ಮೊಳೆಯುತ್ತದೆ. ಬೇರಿನ ತುದಿಯಲ್ಲಿರುವ ಪಿಷ್ಟದ ಕಣಗಳು ಕೆಳಗೆ ಇಳಿದು ಕುಳಿತು, ಭೂಮಿ ಯಾವ ಕಡೆಗೆ ಇದೆಯೆಂಬುದನ್ನು ತಿಳಿಸುತ್ತವೆ. ತೇವವಿರುವ ಕಡೆಯನ್ನೂ ಬೇರು ಅರಿಯುತ್ತದೆ. ಕುಡಿಯು ಗೋಡೆಯನ್ನು ಬಿಟ್ಟು ನದಿಯ ಮೇಲಿನ ಬಯಲು ಬೆಳಕಿಗೆ ಬಾಗುತ್ತದೆ. ಯಾರೂ ನೆಡದ, ನೀರೆರೆಯದ ಆ ಗಿಡವು ಕಲ್ಲನ್ನು ಸೀಳುವಷ್ಟು ಬಲವಾಗಿ ಬೆಳೆಯುವುದು ತನಗೆ ಬಂದ ಸುದ್ದಿಗಳು ಸತ್ಯವಾಗಿರುವುದರಿಂದ.

ಗಿಡವು ದಿಕ್ಕನ್ನು ಮಾತ್ರವಲ್ಲದೆ ಕಾಲವನ್ನೂ ಅರಿಯಬಲ್ಲದು. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬಾತನು ಎಲೆ ಮಡಿಸುವ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದನು. ಬೆಳಕು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ಇರುಳಿನ ಹೊತ್ತಿಗೆ ಮಡಿಸುತ್ತಿತ್ತು. ಜೀವಿಯೊಳಗೆ ಗಡಿಯಾರವೊಂದು ಇರುವುದಕ್ಕೆ ಇದು ಮೊದಲಿನ ಸಾಕ್ಷಿ. ಆ ಗಡಿಯಾರಕ್ಕೆ ದಿನವೂ ಕೀಲಿ ಕೊಟ್ಟು ಸರಿಪಡಿಸುವುದು ಸೂರ್ಯನ ಬೆಳಕು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಒಂದು ತಳಿಯು ಹಗಲಿನ ಉದ್ದವನ್ನು ಅನುಸರಿಸಿ ಹೂಬಿಡುತ್ತದೆಂದು ತೋರಿಸಿದರು. ಮುಂದಿನ ಪ್ರಯೋಗಗಳಿಂದ, ಇಂಥ ಗಿಡಗಳು ನಿಜವಾಗಿ ಅಳೆಯುವುದು ಎಡೆಬಿಡದ ಇರುಳಿನ ಉದ್ದವನ್ನು ಎಂದು ಗೊತ್ತಾಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಈ ಲೆಕ್ಕವನ್ನು ಇಡುವುದರಲ್ಲಿ ಮುಖ್ಯವಾದದ್ದು.

ಈ ಶಾಸ್ತ್ರವನ್ನು ನಮ್ಮ ನಾಡಿನ ರೈತರು ಹೊಲದಲ್ಲಿ ಆಚರಣೆಗೆ ತಂದಿದ್ದಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡುವವರು ಸೇವಂತಿಗೆಯ ಹೊಲಗಳಲ್ಲಿ ಸಾಲು ಸಾಲಾಗಿ ವಿದ್ಯುದ್ದೀಪಗಳು ಉರಿಯುವುದನ್ನು ಕಂಡಿರಬಹುದು. ಅದು ಕಾವಲಿನ ದೀಪವಲ್ಲ. ಸೇವಂತಿಗೆಯು ಇರುಳು ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಉದ್ದವಾದ ಇರುಳನ್ನು ದೀಪದಿಂದ ತುಂಡರಿಸಿದರೆ ಅದಕ್ಕೆ ಇನ್ನೂ ಬೇಸಗೆಯೆಂಬ ಭ್ರಮೆಯುಂಟಾಗಿ ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುತ್ತಲೇ ಇರುತ್ತದೆ. ಬೇಕಾದಷ್ಟು ಬೆಳೆದ ಮೇಲೆ ರೈತನು ದೀಪವನ್ನು ಆರಿಸುತ್ತಾನೆ. ಗಿಡವು ಹೂವಿಗೆ ಸಿದ್ಧವಾಗುತ್ತದೆ. ಹಬ್ಬದ ಪೇಟೆಗೆ ಹೂವು ಬರುತ್ತದೆ. ರೈತನು ಗಿಡಕ್ಕೆ ಸುಳ್ಳು ಹೇಳುತ್ತಾನೆಂಬುದು ನಿಜವೇ. ಆದರೆ ಅವನು ತನ್ನದೇ ಹೊಲದಲ್ಲಿ, ತಾನೇ ನೆಟ್ಟ ಗಿಡಕ್ಕೆ, ಎಷ್ಟು ದಿನವೆಂದು ಎಣಿಸಿ, ಫಲವೇನೆಂದು ತಿಳಿದು ಹೇಳುತ್ತಾನೆ. ಕೆಲಸವಾದೊಡನೆ ದೀಪವನ್ನು ಆರಿಸುತ್ತಾನೆ. ದೀಪವೊಂದಕ್ಕೆ ಎಷ್ಟು ಶಕ್ತಿಯಿದೆ ಎಂಬುದು ಅವನಿಗೆ ಗೊತ್ತು. ನಗರದವರಾದ ನಮಗೆ ಅದು ಗೊತ್ತಿಲ್ಲ. ಲಕ್ಷಾಂತರ ದೀಪಗಳನ್ನು ಹೊತ್ತಿಸುತ್ತೇವೆ; ಅವುಗಳ ಬೆಳಕಿನ ಸುದ್ದಿ ಯಾರು ಯಾರಿಗೆ ಮುಟ್ಟುವುದೆಂದು ಕೇಳುವುದಿಲ್ಲ.

1936ರಷ್ಟು ಹಿಂದೆಯೇ ಮ್ಯಾಟ್ಜ್‌ಕೆ ಎಂಬ ಸಸ್ಯವಿಜ್ಞಾನಿಯು ನ್ಯೂಯಾರ್ಕ್ ನಗರದ ಬೀದಿಮರಗಳನ್ನು ನೋಡಿ, ದೀಪಕ್ಕೆ ಸಮೀಪವಾದ ಕೊಂಬೆಗಳು ಎಲೆಗಳನ್ನು ಉಳಿದವುಗಳಿಗಿಂತ ತಡವಾಗಿ ಉದುರಿಸುತ್ತವೆಂದು ಬರೆದನು. ಒಂದೇ ಮರದಲ್ಲಿ ಒಂದು ಕೊಂಬೆಗೆ ಚಳಿಗಾಲವು ಬಂದಿದೆ, ಇನ್ನೊಂದಕ್ಕೆ ಬಂದಿಲ್ಲ! ಸಹಭಾಗಿತ್ವವು ಮುರಿದುಬೀಳುವುದು ಎಂದರೆ ಇದೇ ಅಲ್ಲವೆ?

ಹಕ್ಕಿಗಳ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ಹನುಮಾನ್ ಘಾಟಿನ ಎದುರಿನ ನೀರು ಬಿಳಿಯ ಹಕ್ಕಿಗಳಿಂದ ತುಂಬುತ್ತದೆ. ಇಲ್ಲಿಯ ಜನರು ಅವನ್ನು ಸೈಬೀರಿಯದ ಹಕ್ಕಿಗಳೆಂದು ಕರೆಯುತ್ತಾರೆ. ಅವು ಗಲ್ ಎಂಬ ಜಾತಿಯ ನೀರುಹಕ್ಕಿಗಳು. ಉತ್ತರದ ದೂರದ ನಾಡುಗಳಿಂದಲೂ ಮಧ್ಯ ಏಷ್ಯದ ಎತ್ತರದ ಸರೋವರಗಳಿಂದಲೂ ಬರುತ್ತವೆ. ದೋಣಿಯವರು 'ಆವೊ, ಆವೊ' ಎಂದು ಕೂಗಿದರೆ ಸುತ್ತುಗಟ್ಟುತ್ತವೆ. ಯಾತ್ರಿಕರು ಸೇವು ಎರಚಿ ಸಂತೋಷಪಡುತ್ತಾರೆ. ಕರಿದ ಸೇವು ಹಕ್ಕಿಗೆ ತಕ್ಕ ಆಹಾರವಲ್ಲವೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. ಈ ಹಕ್ಕಿಗಳಿಗೆ ಹೊರಡುವ ಕಾಲವನ್ನು ತಿಳಿಸುವವರಾರು? ಹಗಲಿನ ಉದ್ದವೇ ಅವುಗಳಿಗೆ ಮುಖ್ಯವಾದ ಪಂಚಾಂಗ. ಹಕ್ಕಿಯ ತಲೆಬುರುಡೆಯ ಮೂಲಕ ನುಸುಳುವ ಬೆಳಕನ್ನು ಮೆದುಳಿನ ಒಳಭಾಗದ ಕಣಗಳೇ ಗ್ರಹಿಸುತ್ತವೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಹೋಗುತ್ತದೆ, ಹಾರ್ಮೋನುಗಳು ಬದಲಾಗುತ್ತವೆ, ಹಕ್ಕಿ ಹೆಚ್ಚು ತಿಂದು ಕೊಬ್ಬನ್ನು ಕೂಡಿಡುತ್ತದೆ, ರಾತ್ರಿ ನೆಮ್ಮದಿಯಿಲ್ಲದೆ ಚಡಪಡಿಸುತ್ತದೆ, ಒಂದು ದಿನ ಹಾರಿಹೋಗುತ್ತದೆ.

ಕೆನಡ ದೇಶದ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕನು 1920ರ ದಶಕದಲ್ಲಿ ಜಂಕೊ ಎಂಬ ಚಿಕ್ಕ ಹಕ್ಕಿಗಳನ್ನು ಕಡು ಚಳಿಗಾಲದಲ್ಲಿ ಹೊರಗಿನ ಪಂಜರಗಳಲ್ಲಿಟ್ಟು, ವಿದ್ಯುದ್ದೀಪದಿಂದ ಹಗಲನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಉದ್ದಮಾಡಿದನು. ಸುತ್ತಲೂ ಹಿಮ, ಮೈ ಕೊರೆಯುವ ಶೀತ. ಆದರೂ ಆ ಹಕ್ಕಿಗಳ ಶರೀರದಲ್ಲಿ ವಸಂತಕಾಲದ ಬದಲಾವಣೆಗಳು ತೋರಿದವು. ಸುತ್ತಣ ಹಿಮಕ್ಕಿಂತ ದೀಪದ ಮಾತೇ ಅವುಗಳಿಗೆ ದೊಡ್ಡದಾಯಿತು. ಹಕ್ಕಿ ದಡ್ಡತನದಿಂದ ಹೀಗೆ ಮಾಡಿತೆಂದು ತಿಳಿಯಬಾರದು. ಚಳಿ ಒಂದು ವರುಷ ಹೆಚ್ಚು, ಒಂದು ವರುಷ ಕಡಿಮೆ. ಮಳೆ ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಹಗಲಿನ ಉದ್ದ ಮಾತ್ರ ವರುಷದ ಒಂದು ದಿನಕ್ಕೆ ಒಂದೇ ಅಳತೆಯಾಗಿ, ಮಾನವನು ಹುಟ್ಟುವುದಕ್ಕೆ ಮುಂಚಿನಿಂದ ಎಂದೂ ತಪ್ಪದ ಮಾತಾಗಿತ್ತು. ಜಗತ್ತಿನಲ್ಲಿ ಅತ್ಯಂತ ನಂಬಿಕೆಗೆ ಯೋಗ್ಯವಾದುದನ್ನು ನಂಬುವುದು ವಿವೇಕವೇ. ಆ ನಂಬಿಕೆಯನ್ನು ಒಂದೂವರೆ ಶತಮಾನದೊಳಗೆ ನಾವು ಅಲ್ಲಾಡಿಸಿದ್ದೇವೆ.

ಹುಳುಗಳ ಗತಿ ಇನ್ನೂ ಶೋಚನೀಯ. ದೀಪಾವಳಿಯ ಸುತ್ತಮುತ್ತ ಉತ್ತರದ ಈ ಬಯಲುಸೀಮೆಯಲ್ಲಿ ಸಣ್ಣ ಹಸಿರು ಹುಳುಗಳು ದೀಪಗಳಿಗೆ ಮುತ್ತಿ, ಬೆಳಗಾಗುವಷ್ಟರಲ್ಲಿ ರಾಶಿಯಾಗಿ ಸತ್ತು ಬಿದ್ದಿರುತ್ತವೆ. ಹುಳುವು ದೀಪವನ್ನು ಪ್ರೀತಿಸಿ ಸಾಯುತ್ತದೆಂದು ಕವಿಗಳು ಹೇಳಿದರು. ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ತೋರಿಸಿವೆ. ಅನೇಕ ಹುಳುಗಳು ಹಾರುವಾಗ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತವೆ. ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕಾಗಿರುವುದರಿಂದ, ಬೆಳಕಿರುವ ಕಡೆಯೇ ಮೇಲೆಂಬುದು ಅವುಗಳ ನಿಯಮ. ಪಕ್ಕದಲ್ಲಿ ದೀಪ ಬಂದಾಗ ಆ ನಿಯಮದಂತೆಯೇ ಬೆನ್ನನ್ನು ಅದರತ್ತ ತಿರುಗಿಸಿ, ಅದನ್ನು ಸುತ್ತುತ್ತ ಸುತ್ತುತ್ತ ಬಳಲುತ್ತವೆ. ಹೆತ್ತ ಪ್ರಕೃತಿಯು ಹೇಳಿಕೊಟ್ಟ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕಾಗಿ ಅವುಗಳಿಗೆ ಮರಣ! ನಮ್ಮ ಉತ್ತರ ಕನ್ನಡದ ಹೊನ್ನಾವರದ ಕಡಲತೀರದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಳಿನಿಂದ ಹೊರಬಂದ ಕಡಲಾಮೆಯ ಮರಿಗಳು ಬೆಳಕಾಗಿ ಕಾಣುವ ದಿಗಂತದ ಕಡೆಗೆ ತೆವಳುವುವು. ಇರುಳಿನಲ್ಲಿ ಕಡಲಿನ ಕಡೆಯೇ ಬೆಳಕಾಗಿರುವುದು ಸಹಜ. ತೀರದಲ್ಲಿ ನಾವು ದೀಪವಿಟ್ಟರೆ ಮರಿಗಳು ಕಡಲಿಗೆ ಬೆನ್ನುಮಾಡಿ ಊರಿನ ಕಡೆಗೆ ಹೊರಡುತ್ತವೆ.

ಬೆಳಕಿನಿಂದ ಮಾತ್ರ ಸುಳ್ಳಾಗುವುದೆಂದು ತಿಳಿಯಬೇಡಿ. ಗಂಗೆಯಲ್ಲಿ ಸೂಂಸ್ ಎಂದು ಇಲ್ಲಿಯವರು ಕರೆಯುವ ಡಾಲ್ಫಿನ್ ಇದೆ. ಅದು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ. 2009ರಲ್ಲಿ ಭಾರತ ಸರ್ಕಾರವು ಅದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. 2025ರಲ್ಲಿ ಪ್ರಕಟವಾದ ಗಣತಿಯ ಪ್ರಕಾರ ದೇಶದ ನದಿಗಳಲ್ಲಿ ಒಟ್ಟು 6,327 ಡಾಲ್ಫಿನ್‌ಗಳಿವೆ. ಅವುಗಳಲ್ಲಿ ಮೂರನ್ನು ಬಿಟ್ಟರೆ ಉಳಿದುವೆಲ್ಲ ಈ ಗಂಗೆಯ ಜಾತಿಯವು. ಕಾಶಿಯಿಂದ ಕೆಳಗೆ, ಗೋಮತಿಯು ಗಂಗೆಯನ್ನು ಕೂಡುವ ಕೈಥಿಯ ಸುತ್ತ ಅವು ಕಾಣಸಿಗುತ್ತವೆ. ಈ ಪ್ರಾಣಿಯ ಕಣ್ಣಿನಲ್ಲಿ ಮಸೂರವೇ ಇಲ್ಲ; ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟನ್ನು ಮಾತ್ರ ಅದು ಅರಿಯಬಲ್ಲದು. ಕೆಸರುನೀರಿನಲ್ಲಿ ಅದರ ಕಣ್ಣೆಂದರೆ ಕಿವಿಯೇ. ಕಿರುಸದ್ದುಗಳನ್ನು ಒಂದೇ ಸಮನೆ ಹೊರಡಿಸಿ, ಅವುಗಳ ಮಾರ್ದನಿಯಿಂದ ಮೀನೆಲ್ಲಿ, ದಡವೆಲ್ಲಿ, ಬಲೆಯೆಲ್ಲಿ ಎಂದು ಕಂಡುಕೊಳ್ಳುತ್ತದೆ. ಪ್ರಯಾಗದಿಂದ ಹಲ್ದಿಯಾದವರೆಗಿನ 1,620 ಕಿಲೋಮೀಟರ್ ಜಲಮಾರ್ಗವು ಇದೇ ನದಿಯಲ್ಲಿದೆ. ಯಂತ್ರದ ಹಡಗುಗಳ ಸದ್ದು ಹೆಚ್ಚಾದಾಗ ಈ ಡಾಲ್ಫಿನ್‌ಗಳು ತಮ್ಮ ಸದ್ದಿನ ರೀತಿಯನ್ನೇ ಬದಲಿಸಬೇಕಾಗುತ್ತದೆಂದು ಸಂಶೋಧಕರು ಕಂಡಿದ್ದಾರೆ. ತುಂಬಿದ ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಕೂಗಿ ದಾರಿ ಕೇಳುವ ಕುರುಡನ ಪಾಡು ಅವುಗಳದು.

ಮನುಷ್ಯನೂ ಈ ನಿಯಮಕ್ಕೆ ಹೊರಗಲ್ಲ. ನೋಟಕ್ಕೆ ಬೇಕಾದ ಕಣಗಳಲ್ಲದೆ, ಬೆಳಕಿನ ಪ್ರಮಾಣವನ್ನು ಮಾತ್ರ ವರದಿಮಾಡುವ ಕಣಗಳೂ ನಮ್ಮ ಕಣ್ಣಿನಲ್ಲಿವೆ. ಆ ವರದಿಯು ಮೆದುಳಿನ ಹೈಪೋಥಲಮಸ್ ಎಂಬ ಭಾಗದ ಗಡಿಯಾರಕ್ಕೆ ಹೋಗುತ್ತದೆ. ಕತ್ತಲೆಯಾಯಿತೆಂದು ತಿಳಿದಾಗ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಇರುಳು ಬಂದಿತೆಂಬ ಡಂಗುರ ಶರೀರವೆಲ್ಲ ಕೇಳಿಸುತ್ತದೆ. ರಾತ್ರಿ ಹನ್ನೊಂದು ಗಂಟೆಗೆ ಮುಖದ ಮುಂದೆ ಮೊಬೈಲ್ ಫೋನನ್ನು ಹಿಡಿದ ಹುಡುಗನ ಮೆದುಳಿಗೆ ಆ ಬೆಳಕು 'ಇನ್ನೂ ಹೊತ್ತು ಮುಳುಗಿಲ್ಲ' ಎಂದು ಹೇಳುತ್ತದೆ. ಡಂಗುರವು ತಡವಾಗುತ್ತದೆ, ನಿದ್ರೆಯೂ ತಡವಾಗುತ್ತದೆ, ಮರುದಿನ ಮೊದಲ ಪಿರಿಯಡ್ಡಿನಲ್ಲಿ ಉಪಾಧ್ಯಾಯರು ಅವನನ್ನು ಸೋಮಾರಿಯೆನ್ನುತ್ತಾರೆ. ಶರೀರದ ಗಡಿಯಾರವು ನಡೆಯುವ ಕ್ರಮವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಆ ಗಡಿಯಾರದ ಮರ್ಯಾದೆಯನ್ನು ಉಳಿಸುವ ಕೆಲಸ ಪ್ರತಿಯೊಂದು ಮನೆಯದು.

ನನ್ನ ಈ ಮಾತಿಗೆ ಆಕ್ಷೇಪಣೆಗಳು ಬರುವುವು, ಬರಬೇಕಾದುದೂ ನ್ಯಾಯ. ಘಾಟಿನಲ್ಲಿ ದೀಪವಿಲ್ಲದಿದ್ದರೆ ಮುದುಕರು ಒದ್ದೆ ಮೆಟ್ಟಿಲುಗಳ ಮೇಲೆ ಜಾರಿ ಬೀಳುವುದಿಲ್ಲವೆ? ಹೆಣ್ಣುಮಕ್ಕಳು ರಾತ್ರಿ ಬೀದಿಯಲ್ಲಿ ನಿರ್ಭಯವಾಗಿ ನಡೆಯುವುದು ಹೇಗೆ? ಹರಿಶ್ಚಂದ್ರ ಘಾಟಿಗೆ ಹೊತ್ತಲ್ಲದ ಹೊತ್ತಿನಲ್ಲಿ ಶವವನ್ನು ತರುವವರಿಗೆ ದಾರಿ ಬೇಡವೆ? ಬೇಕು, ನಿಸ್ಸಂದೇಹವಾಗಿ ಬೇಕು. ಕತ್ತಲೆಯ ಭಯವನ್ನು ಬಲ್ಲವರಾರೂ ದೀಪಗಳನ್ನೆಲ್ಲ ಕಿತ್ತುಹಾಕಿರೆಂದು ಹೇಳಲಾರರು. ಆದರೆ ಮೆಟ್ಟಿಲಿಗೆ ಬೇಕಾದ ಬೆಳಕನ್ನು ಆಕಾಶಕ್ಕೆ ಏಕೆ ಎರಚಬೇಕು? ದೀಪದ ಮೇಲೂ ಪಕ್ಕದಲ್ಲೂ ಮರೆಯಿದ್ದರೆ ಬೆಳಕು ಕಾಲಬುಡದಲ್ಲಿ ಬೀಳುತ್ತದೆ. ನಡೆಯುವವನ ಕಣ್ಣನ್ನೂ ಕುಕ್ಕುವುದಿಲ್ಲ. ನೀಲಿ ಬೆರೆತ ಬಿಳಿಯ ಬೆಳಕಿಗಿಂತ ಹಳದಿಯ ಬೆಳಕು ಹುಳುವಿನ ಕಣ್ಣಿಗೂ ಮನುಷ್ಯನ ನಿದ್ರೆಗೂ ಕಡಿಮೆ ಬಾಧಕ. ಜನಸಂಚಾರವು ನಿಂತ ಮೇಲೆ ಗೋಡೆಗಳ ಅಲಂಕಾರಕ್ಕಾಗಿ ಇಟ್ಟ ದೀಪಗಳನ್ನು ಆರಿಸಿದರೆ ಯಾರ ಸುರಕ್ಷತೆಗೂ ಕುಂದಿಲ್ಲ.

ಎರಡನೆಯ ಆಕ್ಷೇಪಣೆ ಇದು: ಜೀವಿಗಳು ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳುತ್ತವೆ; ಕಾಗೆ, ಪಾರಿವಾಳ, ಇಲಿಗಳು ನಗರದಲ್ಲಿ ಸುಖವಾಗಿಲ್ಲವೆ? ಇವೆ. ಆದರೆ ಹೊಂದಿಕೊಂಡ ನಾಲ್ಕು ಜಾತಿಗಳನ್ನು ಎಣಿಸಿ, ಹೊಂದಿಕೊಳ್ಳಲಾರದೆ ಮರೆಯಾದವುಗಳ ಲೆಕ್ಕವನ್ನು ಬಿಟ್ಟುಬಿಡುವುದು ನ್ಯಾಯವಾದ ಗಣಿತವಲ್ಲ. ಇನ್ನು ಹಬ್ಬದ ಮಾತು. ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಯಂದು ಕಾಶಿಯ ಘಾಟುಗಳಲ್ಲಿ ಲಕ್ಷಗಟ್ಟಲೆ ಹಣತೆಗಳು ಬೆಳಗುತ್ತವೆ. ಎಣ್ಣೆ ತೀರಿದೊಡನೆ ಅವು ತಾವಾಗಿ ಆರುತ್ತವೆ. ಅದೇ ಮಾಸದಲ್ಲಿ ಪೂರ್ವಜರ ಹೆಸರಿನಲ್ಲಿ ಬಿದಿರಿನ ಗಳುವಿನ ತುದಿಗೆ ಬುಟ್ಟಿಯಲ್ಲಿಟ್ಟು ಏರಿಸುವ ಆಕಾಶದೀಪವೂ ಒಂದು ಮಿಣುಕು ದೀಪ. ಇವುಗಳನ್ನು ಆಚರಣೆಗೆ ತಂದ ಹಿರಿಯರಿಗೆ ದೀಪದ ಬೆಲೆ ತಿಳಿದಿತ್ತು. ಕತ್ತಲೆಯ ಬೆಲೆಯೂ ತಿಳಿದಿತ್ತು. ಕತ್ತಲೆಯೇ ಇಲ್ಲದ ಊರಿನಲ್ಲಿ ಹಣತೆಗೆ ಏನು ಶೋಭೆ?

ಹನುಮಾನ್ ಘಾಟಿನಿಂದ ಕೆಲವು ಹೆಜ್ಜೆಗಳಾಚೆ ಸತ್ಯಹರಿಶ್ಚಂದ್ರನ ಹೆಸರಿನ ಘಾಟು ಇದೆಯೆಂದು ಮೇಲೆ ಹೇಳಿದೆನಷ್ಟೆ. ರಾಘವಾಂಕನ ಕಾವ್ಯದ ಮೂಲಕ ಆ ಅರಸನು ಕನ್ನಡಿಗರ ಮನೆಯವನೇ ಆಗಿದ್ದಾನೆ. ಕೊಟ್ಟ ಮಾತಿಗಾಗಿ ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡವನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮನುಷ್ಯನು ಮನುಷ್ಯನಿಗೆ ಸುಳ್ಳು ಹೇಳಿದರೆ ಕೇಳಿದವನು ವಿಚಾರಿಸಿ ತಿಳಿದುಕೊಳ್ಳಬಹುದು. ಹಗ್ಗವನ್ನು ಹಾವೆಂದುಕೊಂಡವನು ದೀಪ ತಂದು ನೋಡಬಹುದು. ಗಿಡಕ್ಕೆ, ಹುಳುವಿಗೆ, ಹಕ್ಕಿಗೆ ಹಾಗೆ ವಿಚಾರಿಸುವ ಉಪಾಯವಿಲ್ಲ. ಪರೀಕ್ಷಿಸಲಾರದವರಿಗೆ ಹೇಳುವ ಸುಳ್ಳು ಎಲ್ಲಕ್ಕಿಂತ ಸುಲಭ. ಆದುದರಿಂದಲೇ ಅದು ಎಲ್ಲಕ್ಕಿಂತ ಹೆಚ್ಚಿನ ದೋಷ. ಸತ್ಯವೆಂಬುದು ನಾಲಗೆಯ ವ್ರತ ಮಾತ್ರವಲ್ಲವೆಂದು, ಬೆಳಕಿನಲ್ಲಿಯೂ ಸದ್ದಿನಲ್ಲಿಯೂ ಅದನ್ನು ನಡೆಸಬೇಕಾಗುತ್ತದೆಂದು ಈ ಕಾಲವು ನಮಗೆ ಕಲಿಸುತ್ತಿದೆ.

ವಿದ್ಯಾರ್ಥಿಗಳು ಕೇಳಬಹುದು: ನಗರಸಭೆಯ ದೀಪಗಳ ಮೇಲೆ ನಮಗೇನು ಅಧಿಕಾರ? ಅಧಿಕಾರವಿಲ್ಲದಿದ್ದರೂ ಕಣ್ಣುಗಳಿವೆ, ಲೆಕ್ಕವಿಡುವ ಪುಸ್ತಕಗಳಿವೆ. ಹುಣಿಸೆಯ ಮರವು ಸಂಜೆಗೆ ಎಲೆಗಳನ್ನು ಮಡಿಸಿ ಬೆಳಗ್ಗೆ ಬಿಚ್ಚುವುದನ್ನು ನೀವೆಲ್ಲರೂ ನೋಡಬಲ್ಲಿರಿ. ನಿಮ್ಮ ಬಡಾವಣೆಯಲ್ಲಿ ಬೀದಿದೀಪದ ಅಡಿಯಲ್ಲಿರುವ ಒಂದು ಹುಣಿಸೆಮರವನ್ನೂ, ದೀಪ ಮುಟ್ಟದ ಇನ್ನೊಂದನ್ನೂ ಆರಿಸಿಕೊಳ್ಳಿರಿ. ಪ್ರತಿ ಸಂಜೆ ಅವು ಎಲೆ ಮಡಿಸುವ ಹೊತ್ತನ್ನು, ವರುಷದಲ್ಲಿ ಅವು ಎಲೆ ಉದುರಿಸುವ, ಚಿಗುರುವ, ಹೂಬಿಡುವ ದಿನಗಳನ್ನು ಬರೆದಿಡಿರಿ. ದೀಪದ ಕೆಳಗೆ ಬೆಳಗ್ಗೆ ಬಿದ್ದಿರುವ ಹುಳುಗಳನ್ನು ಎಣಿಸಿರಿ. ಎರಡೂ ಮರಗಳು ಒಂದೇ ಮಾತನ್ನು ಹೇಳಿದರೆ ಅದನ್ನೇ ಬರೆಯಿರಿ. ಬೇರೆ ಬೇರೆ ಹೇಳಿದರೆ ಆ ಪುಸ್ತಕವನ್ನು ನಗರಸಭೆಯ ಮುಂದೆ ಇಡಿರಿ. ಅಂಕಿಗಳುಳ್ಳ ಒಂದು ಪುಟಕ್ಕೆ ಇರುವ ಬಲ ಹತ್ತು ಭಾಷಣಗಳಿಗೆ ಇರುವುದಿಲ್ಲ. ಇದಕ್ಕೆ ಪ್ರಯೋಗಶಾಲೆ ಬೇಡ, ಇಂಗ್ಲಿಷೂ ಬೇಡ. ನಮ್ಮ ಕನ್ನಡವೇ ಧಾರಾಳವಾಗಿ ಸಾಕು.

ಶಾಲೆಯಿಂದಲೇ ಆರಂಭಿಸಬಹುದಾದ ಕೆಲಸವೂ ಒಂದಿದೆ. ವಾರ್ಷಿಕೋತ್ಸವದ ಸಂಭ್ರಮಕ್ಕಾಗಿ ಅಂಗಳದ ಮರಗಳಿಗೆ ದೀಪಮಾಲೆಯನ್ನು ಸುತ್ತುವ ವಾಡಿಕೆ ಈಗ ಎಲ್ಲೆಲ್ಲಿಯೂ ಬೆಳೆದಿದೆ. ಒಂದು ಸಂಜೆಯ ಸಂತೋಷಕ್ಕೆ ನಾನು ಅಡ್ಡಬರುವುದಿಲ್ಲ. ಉತ್ಸವವು ಮುಗಿದ ರಾತ್ರಿಯೇ ಆ ಮಾಲೆಯನ್ನು ಬಿಚ್ಚುವ ಜವಾಬ್ದಾರಿಯನ್ನು ಹತ್ತನೆಯ ತರಗತಿಯವರು ವಹಿಸಿಕೊಳ್ಳಲಿ. 'ನಿಯಂತ್ರಣ ಮತ್ತು ಸಹಭಾಗಿತ್ವ' ಎಂಬ ಪಾಠವನ್ನು ಅವರು ಅರಿತಿದ್ದಾರೆಂಬುದಕ್ಕೆ ಪರೀಕ್ಷೆಯ ಅಂಕಗಳಿಗಿಂತ ಅದು ಒಳ್ಳೆಯ ಸಾಕ್ಷಿಯಾದೀತು.